ಅಟ್ಟದ ಟ್ರಂಕಿನ ಗೊಂಬೆಯನ್ನು ಮೊಮ್ಮಗಳ ಕೈಗೆ ಕೊಡಬಹುದಾ?

ಪ್ರಶ್ನೆ: ಮೇಡಂ, ನನಗೆ 58 ವರ್ಷ. ಹುಟ್ಟಿ ಬೆಳೆದದ್ದು ಮಂಗಳೂರಿನ ಬೆಂದೂರಿನಲ್ಲಿ, ಈಗ ಇರುವುದು ಬೆಂಗಳೂರಿನಲ್ಲಿ. ಮಮ್ಮಿ ತೀರಿಕೊಂಡು ಒಂದು ವರ್ಷ ಆಯಿತು. ಹಂಚಿನ ಮನೆ ಮಾರುವ ಮೊದಲು ಅಟ್ಟ ಖಾಲಿ ಮಾಡಲು ಹೋದಾಗ ನನ್ನ ಮತ್ತು ತಮ್ಮನ ಆಟದ ಸಾಮಾನಿದ್ದ ಟ್ರಂಕು ಸಿಕ್ಕಿತು. ಚನ್ನಪಟ್ಟಣದ ಅಡುಗೆ ಸೆಟ್ಟು ಮತ್ತು ಬುಗುರಿ, ಕೀ ಕೊಟ್ಟರೆ ಓಡುವ ತಗಡಿನ ರೈಲು, ಬ್ಯಾಟರಿ ಹಾಕಿದರೆ ತಾಳ ಬಡಿಯುವ ಕೋತಿ, ತಮ್ಮನ ಗಿಲಕಿ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಮಣ್ಣಿನ ಗೊಂಬೆಗಳು ಎಲ್ಲ ಇವೆ. 1976ರ ಕ್ರಿಸ್ಮಸ್‌ಗೆ ಪಪ್ಪ ಬಹ್ರೇನ್‌ನಿಂದ ತಂದ, ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆಯೂ ಇದೆ. ನಡುರಾತ್ರಿಯ ಪೂಜೆ ಮುಗಿಸಿ ಬಂದು ಮಲಗಿ, ಬೆಳಿಗ್ಗೆ ಎದ್ದಾಗ ಗೋದಲಿಯ ಪಕ್ಕ ಅದು ಕೂತಿತ್ತು. ಈ ಕ್ರಿಸ್ಮಸ್ ಬೆಳಿಗ್ಗೆ ಇವನ್ನೆಲ್ಲ ಹಾಗೆಯೇ ನನ್ನ ಎರಡೂವರೆ ವರ್ಷದ ಮೊಮ್ಮಗಳಿಗೆ ಕೊಡಬೇಕು ಅಂತ ಆಸೆ. ಆದರೆ ಗೊಂಬೆಯ ಮೈ ಅಂಟಂಟಾಗಿದೆ, ಓಲೆಯ ಸುತ್ತ ಕಿವಿ ಹಸಿರಾಗಿದೆ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಒರೆಸಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ ಅಂತ ಮಗ ಹೆದರಿಸುತ್ತಾನೆ. ಗುಜರಿಗೆ ಹಾಕು ಅಂತ ನಮ್ಮ ಯಜಮಾನರು. ಇನ್ನೊಂದು ವಿಷಯ. ಟ್ರಂಕಿನ ಮುಚ್ಚಳ ತೆಗೆದಾಗ ಬಂದ ವಾಸನೆಗೇ ಅಳು ಬಂದುಬಿಟ್ಟಿತು, ಅರ್ಧ ಗಂಟೆ ನಿಲ್ಲಲೇ ಇಲ್ಲ. ಇದು ಸರಿಯೇ? ಈಗಿನ ಮಕ್ಕಳಿಗೆ ಅಂಥ ಬೆಳಗು ಸಿಗುವುದೇ ಇಲ್ಲವಲ್ಲ ಅಂತ ಬೇಜಾರು. ಫೋಟೋ ಕಳಿಸಿದ್ದೇನೆ. ಮಾರಿದರೆ ಎಷ್ಟು ಸಿಗಬಹುದು?

ಉತ್ತರ: ನೀವು ಕಳಿಸಿದ ಫೋಟೋಗಳಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ಬುಗುರಿಯದ್ದು. ಅದರ ಹೊಟ್ಟೆಯ ಹಳದಿ ಪಟ್ಟಿಯ ಮೇಲೆ ನಾಲ್ಕು ಸಣ್ಣ ಗುಳಿಗಳಿವೆ. ಅವು ಕೆಳಗೆ ಬಿದ್ದು ಆದ ಪೆಟ್ಟಲ್ಲ. ಮೇಲೆ ಎರಡು, ಕೆಳಗೆ ಎರಡು, ಸ್ವಲ್ಪ ಬಾಗಿದ ಸಾಲು. ಹಾಲುಹಲ್ಲಿನ ಗುರುತು. ತಮ್ಮನದ್ದೇ ಇರಬೇಕು, ಅಲ್ವಾ? ಆ ಗುಳಿಗಳೊಳಗೆ ಬಣ್ಣ ಇಲ್ಲ, ಬರೀ ಮರ ಕಾಣುತ್ತದೆ. ಹಾಗಾದರೆ ಬಣ್ಣ ಎಲ್ಲಿಗೆ ಹೋಯಿತು? ನಿಮ್ಮ ಮಗನ ಹೆದರಿಕೆ ಇರುವುದು ಅಲ್ಲೇ.

ನಾನು ವಸ್ತುಸಂಗ್ರಹಾಲಯದ ಸಂರಕ್ಷಣಾ ವಿಭಾಗದಲ್ಲಿ 27 ವರ್ಷ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಜನ ಮನೆಗೆ ತರುವ ಹಳೇ ಸಾಮಾನು ನೋಡುತ್ತೇನೆ. ವಿಗ್ರಹ, ಫೋಟೋ, ಗಡಿಯಾರ ಎಲ್ಲ ಬರುತ್ತವೆ. ಬಾಗಿಲಲ್ಲೇ ಕಣ್ಣು ಒದ್ದೆ ಮಾಡಿಕೊಂಡು ಬರುವವರು ಮಾತ್ರ ಸಾಮಾನ್ಯವಾಗಿ ಆಟಿಕೆ ತಂದವರೇ.

ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ವರ್ಷ ಇದರಲ್ಲಿ ಯಾವುದನ್ನೂ ಮೊಮ್ಮಗಳ ಕೈಗೆ ಕೊಡಬೇಡಿ. ಗುಜರಿಗೂ ಹಾಕಬೇಡಿ. ನೇಲ್ ಪಾಲಿಶ್ ರಿಮೂವರ್ ಬಾಟಲಿಯನ್ನು ಆ ಟ್ರಂಕು ಇರುವ ಕೋಣೆಗೇ ತರಬೇಡಿ. ಕ್ರಿಸ್ಮಸ್ ದಿನ ಇವು ಹೊರಗೆ ಬರಬಹುದು, ಬರಲೇಬೇಕು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಸೀಸದ ವಿಷಯದಲ್ಲಿ ನಿಮ್ಮ ಮಗ ಹೇಳಿದ್ದು ಸುಮ್ನೆ ಅಲ್ಲ. ಆ ಕಾಲದ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಕ್ರೋಮೇಟ್ ಬಳಸುವುದು ಹಲವು ದೇಶಗಳಲ್ಲಿ ಮಾಮೂಲಾಗಿತ್ತು. ಅಗ್ಗ, ಹೊಳಪು ಜಾಸ್ತಿ. ಅಮೆರಿಕದಲ್ಲಿ ಆಟಿಕೆಗಳ ಮೇಲೆ ಸೀಸದ ಬಣ್ಣ ನಿಷೇಧವಾದದ್ದೇ 1978ರಲ್ಲಿ. ನಮ್ಮಲ್ಲಿ ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ನಿಮ್ಮ ಟ್ರಂಕು ಇದೆಲ್ಲಕ್ಕಿಂತ ಬಹಳ ಹಿಂದಿನದ್ದು.

‘ನಾವೆಲ್ಲ ಅದನ್ನೇ ಕಚ್ಚಿಕೊಂಡು ಬೆಳೆದೆವು, ಏನೂ ಆಗಲಿಲ್ಲ’ ಅಂತ ನನ್ನ ಹತ್ತಿರ ಹೇಳದವರಿಲ್ಲ. ಸ್ವಲ್ಪ ಪ್ರಮಾಣದ ಸೀಸ ಆ ರೀತಿ ಕಣ್ಣಿಗೆ ಕಾಣುವ ಕಾಯಿಲೆ ತರುವುದಿಲ್ಲ. ಅದು ಮಕ್ಕಳ ಮಿದುಳಿನ ಬೆಳವಣಿಗೆಯಲ್ಲಿ ಸ್ವಲ್ಪ ಸ್ವಲ್ಪ ಕದಿಯುತ್ತದೆ. ಕಳೆದುಕೊಂಡವರಿಗೇ ಅದು ಗೊತ್ತಾಗುವುದಿಲ್ಲ. ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಅನ್ನುವಂಥ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಹಾಗಂತ ನಿಮ್ಮ ಬುಗುರಿಯಲ್ಲಿ ಸೀಸ ಇದ್ದೇ ಇದೆ ಅಂತ ನಾನು ಹೇಳುತ್ತಿಲ್ಲ. ಫೋಟೋ ನೋಡಿ ಅದನ್ನು ಹೇಳಲು ಯಾರಿಗೂ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಒರೆಸಿ ನೋಡುವ ಕಡ್ಡಿಗಳನ್ನು ನಂಬಬೇಡಿ. ಇದ್ದರೂ ಇಲ್ಲ ಅನ್ನುತ್ತವೆ, ಇಲ್ಲದಿದ್ದರೂ ಇದೆ ಅನ್ನುತ್ತವೆ. ಎಕ್ಸ್‌ಆರ್‌ಎಫ್ ಎಂಬ ಯಂತ್ರ ಇರುವ ಪರೀಕ್ಷಾಲಯದಲ್ಲಿ, ಸಾಮಾನಿಗೆ ಒಂದು ಗೀರೂ ಬೀಳದಂತೆ, ಕೆಲವೇ ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಮಗುವಿನ ಕೈಗೆ ಕೊಡಲೇಬೇಕು ಅನ್ನುವ ಹಟ ಇದ್ದರೆ ಮಾತ್ರ ಆ ಖರ್ಚು ಮಾಡಿ.

ಇಲ್ಲಿ ಚನ್ನಪಟ್ಟಣದ ಪರವಾಗಿ ಒಂದು ಮಾತು, ವಿರುದ್ಧವಾಗಿ ಒಂದು ಮಾತು ಹೇಳಬೇಕು. ‘ಚನ್ನಪಟ್ಟಣದ್ದಾ? ಹಾಗಾದರೆ ಎಲ್ಲ ತರಕಾರಿ ಬಣ್ಣ, ಮಗು ನೆಕ್ಕಿದರೂ ಪರವಾಗಿಲ್ಲ’ ಅಂತ ಜನ ಅಂದುಕೊಂಡಿದ್ದಾರೆ. ಅರಿಸಿನ, ನೀಲಿ ಗಿಡದ ಬಣ್ಣಗಳು ಮತ್ತೆ ಬಳಕೆಗೆ ಬಂದದ್ದು ಈಚಿನ ದಶಕಗಳಲ್ಲಿ, ಅದರಲ್ಲೂ ಹೊರದೇಶಕ್ಕೆ ಕಳಿಸಲು ಶುರು ಮಾಡಿದ ಮೇಲೆ. ಎಪ್ಪತ್ತರ ದಶಕದಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದ ರಾಸಾಯನಿಕ ಬಣ್ಣವನ್ನೂ ಅರಗಿಗೆ ಕಲಸುತ್ತಿದ್ದರು. ಹಾಗಾಗಿ ಇವತ್ತಿನ ಒಳ್ಳೆಯ ಚನ್ನಪಟ್ಟಣದ ಆಟಿಕೆಗೆ ಇರುವ ಹೆಸರನ್ನು ನಿಮ್ಮ ಬುಗುರಿಗೆ ಹಚ್ಚುವಂತಿಲ್ಲ.

ಕೆಲಸದ ಮಾತಿಗೆ ಬಂದರೆ, ಅದು ಎಂಥ ಚೆಂದದ ಕೆಲಸ! ಆಲೆ ಮರದ ತುಂಡು ಲೇತ್ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆಗರಿ ಹಿಡಿದು ತಿಕ್ಕಿದರೆ ಕನ್ನಡಿಯ ಹೊಳಪು. ಬ್ರಷ್ಷು ಇಲ್ಲ, ವಾರ್ನಿಷ್ ಇಲ್ಲ. ಅದಕ್ಕೇ ಐವತ್ತು ವರ್ಷವಾದರೂ ಬಣ್ಣ ಸಿಪ್ಪೆ ಎದ್ದಿಲ್ಲ. ಆದರೆ ಅರಗಿಗೆ ಇಬ್ಬರು ಶತ್ರುಗಳು: ಬಿಸಿ ಮತ್ತು ಸ್ಪಿರಿಟ್. ಸುಮಾರು 70 ಡಿಗ್ರಿ ಬಿಸಿಗೆ ಅದು ಮೆತ್ತಗಾಗುತ್ತದೆ. ಸ್ಪಿರಿಟ್ ತಾಗಿದರೆ ಕರಗಿಯೇ ಹೋಗುತ್ತದೆ. ಸ್ಯಾನಿಟೈಸರ್ ಎಂದರೂ ಸ್ಪಿರಿಟ್ಟೇ, ನೆನಪಿರಲಿ.

ಇದನ್ನು ನಾನು ಪುಸ್ತಕ ಓದಿ ಕಲಿತವಳಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಮ್ಮ ಅಜ್ಜಿಯ ಅರಗಿನ ಕುಂಕುಮದ ಭರಣಿಯ ಜಿಡ್ಡು ತೆಗೆಯೋಣ ಅಂತ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಜಿಡ್ಡು ಬಂತು. ಜೊತೆಗೆ ಕೆಂಪು, ಹಸಿರು, ಎಲ್ಲವೂ ಹತ್ತಿಗೆ ಬಂತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ಬುಗುರಿ, ಅಡುಗೆ ಸೆಟ್ಟಿಗೆ ಒಣಗಿದ ಮೆತ್ತನೆ ಹತ್ತಿ ಬಟ್ಟೆ ಸಾಕು. ಹಳೇ ಪಂಚೆಯ ತುಂಡು ಎಲ್ಲಕ್ಕಿಂತ ಒಳ್ಳೆಯದು. ಜಿಡ್ಡಿದ್ದರೆ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಪೂರ್ತಿ ಹಿಂಡಿ, ಒಂದು ಸಲ ಒರೆಸಿ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಹಲ್ಲಿನ ಗುರುತಿಗೆ ಮೇಣ, ಬಣ್ಣ ಏನೂ ತುಂಬಬೇಡಿ.

ಈಗ ಗೊಂಬೆ. ಇದರ ಮೇಲೆ ನಿಮ್ಮ ಜೀವ ಇದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಅಂಟಂಟು ಎಂದರೆ ಹೊರಗಿನ ಕೊಳೆ ಅಂತ ಎಲ್ಲರೂ ತಿಳಿಯುತ್ತಾರೆ. ಅದು ಕೊಳೆಯಲ್ಲ. ಗೊಂಬೆಯ ಮೈ ಪಿವಿಸಿಯದ್ದು. ಪಿವಿಸಿ ತಾನಾಗಿ ಗಟ್ಟಿ ಪದಾರ್ಥ, ನೀರಿನ ಪೈಪಿನ ಹಾಗೆ. ಮಗುವಿನ ಕೆನ್ನೆಯಂತೆ ಮೆತ್ತಗೆ ಮಾಡಲು ಅದಕ್ಕೆ ಎಣ್ಣೆಯಂಥ ಒಂದು ರಾಸಾಯನಿಕ ಸೇರಿಸುತ್ತಾರೆ. ಆ ಎಣ್ಣೆ ಪ್ಲಾಸ್ಟಿಕ್ಕಿನ ಜೊತೆ ಪೂರ್ತಿ ಬೆಸೆದುಕೊಂಡಿರುವುದಿಲ್ಲ, ಸುಮ್ಮನೆ ಒಳಗೆ ಸಿಕ್ಕಿಕೊಂಡಿರುತ್ತದೆ ಅಷ್ಟೇ. ವರ್ಷ ಕಳೆದಂತೆ, ಅದರಲ್ಲೂ ಹಂಚಿನ ಕೆಳಗಿನ ಅಟ್ಟದ ಸೆಕೆಗೆ, ಮೆಲ್ಲಗೆ ಹೊರಗೆ ಬೆವರುತ್ತದೆ. ಧೂಳು ಬಂದು ಅದಕ್ಕೆ ಅಂಟುತ್ತದೆ. ಎಲ್ಲ ಬೆವರಿ ಹೋದ ಮೇಲೆ ಮೈ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹೊರಗೆ ಬಂದದ್ದನ್ನು ಒಳಗೆ ವಾಪಸ್ ಕಳಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲ. ನಿಧಾನ ಮಾಡಬಹುದು, ಅಷ್ಟೇ.

ಈ ಬೆವರಿನಲ್ಲಿ ಹೆಚ್ಚಾಗಿ ಇರುವುದು ಥಾಲೇಟ್ ಎಂಬ ಗುಂಪಿನ ರಾಸಾಯನಿಕ. ಮಕ್ಕಳು ಬಾಯಿಗೆ ಹಾಕುವ ಆಟಿಕೆಗಳಲ್ಲಿ ಇದು ಬೇಡ ಅಂತ ಯುರೋಪಿನಲ್ಲಿ 1999ರಲ್ಲಿ ತುರ್ತಾಗಿ ನಿಷೇಧಿಸಿದರು, 2005ರಲ್ಲಿ ಕಾಯಂ ಮಾಡಿದರು. ನಿಮ್ಮ ಮೊಮ್ಮಗಳು ಆ ಗೊಂಬೆಯ ಕೆನ್ನೆಗೆ ಮುತ್ತು ಕೊಡುವುದನ್ನು ನೋಡುವ ಆಸೆ ನಿಮಗಿದೆ. ನನಗೆ ಅರ್ಥವಾಗುತ್ತದೆ. ಬೇಡ. ಇನ್ನೂ ಒಂದು ಕಾರಣ ಇದೆ. ಮಲಗಿಸಿದಾಗ ಕಣ್ಣು ಮುಚ್ಚುವುದು ತಲೆಯೊಳಗೆ ತೂಗುವ ಒಂದು ಪುಟ್ಟ ಲೋಹದ ಭಾರದಿಂದ. ಹಳೆಯ ಗೊಂಬೆಗಳಲ್ಲಿ ಅದು ಸೀಸದ್ದೂ ಆಗಿರುತ್ತದೆ. ಬಿರುಕು ಬಿಟ್ಟ ತಲೆಯಿಂದ ಅದು ಉದುರಿದರೆ ಮಗುವಿನ ಬಾಯಿಗೆ ಸರಿಯಾದ ಅಳತೆ.

ನೇಲ್ ಪಾಲಿಶ್ ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್. ಅದು ಮೊದಲು ತುಟಿಯ ಬಣ್ಣ, ಹುಬ್ಬು ತೆಗೆಯುತ್ತದೆ. ಆಮೇಲೆ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ತಿನ್ನುತ್ತದೆ. ಪೌಡರ್ ಹಚ್ಚುವವರೂ ಇದ್ದಾರೆ. ನಾಲ್ಕು ದಿನ ನಯವಾಗಿ ಕಾಣುತ್ತದೆ, ಆಮೇಲೆ ಪೌಡರ್ ಮತ್ತು ಅಂಟು ಸೇರಿ ಹಿಟ್ಟಿನಂತೆ ಬೆರಳ ಸಂದಿಯಲ್ಲಿ ಕೂರುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ. ಹತ್ತಿಯನ್ನು ಅದ್ದಿ ಹಿಂಡಿ, ಮೈಯನ್ನು ಮೆಲ್ಲಗೆ ಒರೆಸಿ. ಬರೀ ನೀರಿನ ಹತ್ತಿಯಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ಒಣಗಿಸಿ. ಕಣ್ಣಿನ ಸಂದಿಗೆ ನೀರು ಹೋಗಬಾರದು, ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ಕೆಲವು ತಿಂಗಳಿಗೆ ಮತ್ತೆ ಅಂಟಾದರೆ ಮತ್ತೆ ಹೀಗೇ ಮಾಡಿ.

ಕಿವಿಯ ಹಸಿರು ಓಲೆಯ ತಾಮ್ರದ್ದು. ತಾಮ್ರ ಮತ್ತು ಪಿವಿಸಿ ಒಂದಕ್ಕೊಂದು ತಾಗಿ ಕೂತರೆ ಹಸಿರು ಒಳಗೊಳಗೇ ಹರಡುತ್ತದೆ. ಓಲೆ ಬಿಚ್ಚಿ ಪುಟ್ಟ ಕವರಿನಲ್ಲಿ ಬೇರೆ ಇಡಿ. ಕಲೆ ಅಲ್ಲಿಗೆ ನಿಲ್ಲುತ್ತದೆ ಅಂತ ಖಂಡಿತ ಹೇಳಲಾರೆ, ಓಲೆ ಇದ್ದರೆ ಮಾತ್ರ ಖಂಡಿತ ಜಾಸ್ತಿಯಾಗುತ್ತದೆ. ಮೊಡವೆಯ ಕ್ರೀಮ್ ಹಚ್ಚಿ ಬಿಸಿಲಿಗಿಟ್ಟರೆ ಹಸಿರು ಹೋಗುತ್ತದೆ ಅಂತ ಹೇಳುವವರಿದ್ದಾರೆ. ಹೋಗುತ್ತದೆ ನಿಜ. ಆದರೆ ಕ್ರೀಮ್ ಒಳಗೆ ಇಳಿದು ವರ್ಷದ ಮೇಲೂ ಬಣ್ಣ ತೆಗೆಯುತ್ತಲೇ ಇರುತ್ತದೆ. ಹಸಿರು ಕಿವಿ ಹೋಗಿ ತೊನ್ನಿನಂಥ ಬಿಳಿ ಕಿವಿ ಉಳಿಯುತ್ತದೆ.

ಪೂರ್ತಿ ಹೊಸದರಂತೆ ಮಾಡಿಕೊಡುವವರೂ ಇದ್ದಾರೆ. ಮುಖಕ್ಕೆ ಬಣ್ಣ, ಹೊಸ ಕೂದಲು, ಹೊಸ ರೆಪ್ಪೆ. ಕೆಲವು ವರ್ಷದ ಹಿಂದೆ ಒಬ್ಬರು ತಮ್ಮ ಗೊಂಬೆಯನ್ನು ಹಾಗೆ ಮಾಡಿಸಿಕೊಂಡು, ಒಂದು ತಿಂಗಳ ನಂತರ ನನ್ನ ಹತ್ತಿರ ತಂದರು. ಕೆಲಸ ಬಹಳ ಚೆನ್ನಾಗಿತ್ತು, ಒಂದು ತಪ್ಪೂ ಹಿಡಿಯುವ ಹಾಗಿರಲಿಲ್ಲ. ‘ಇದು ಅವಳಲ್ಲ, ಹಳೇದು ಮಾಡಿಕೊಡಿ’ ಅಂದರು. ನನ್ನಿಂದ ಆಗಲಿಲ್ಲ.

ಗೊಂಬೆಯನ್ನು ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಇಡುವುದು ಎಲ್ಲರೂ ಮಾಡುವ ತಪ್ಪು. ಪಾಲಿಥಿನ್ ಆ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಅಂದರೆ ಬೆವರುವುದು ಇನ್ನೂ ಜೋರಾಗುತ್ತದೆ. ಗಾಜಿನ ಪೆಟ್ಟಿಗೆ ಒಳ್ಳೆಯದು. ತಂಪು ಜಾಗ, ಬಿಸಿಲು ಬೀಳದ ಕಪಾಟು. ಅಟ್ಟ ಮಾತ್ರ ಬೇಡ.

ಇನ್ನು ಟ್ರಂಕಿನ ವಾಸನೆ. ಅದು ನಿಮ್ಮನ್ನು ಅಳಿಸಿತು, ನನ್ನನ್ನು ಸ್ವಲ್ಪ ಹೆದರಿಸಿತು. ‘ಕರ್ಪೂರ ಮತ್ತು ನುಸಿಗುಳಿಗೆ ಸೇರಿದ ಹಾಗೆ’ ಅಂತ ಬರೆದಿದ್ದೀರಿ. ನುಸಿಗುಳಿಗೆ ಎಂದರೆ ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ಈ ವಾಸನೆ ಹಿಡಿದ ಬಟ್ಟೆ, ಹೊದಿಕೆ ತಾಗಿದರೂ ರಕ್ತದ ಕೆಂಪು ಕಣಗಳು ಒಡೆಯಬಹುದು. ಮನೆಯಲ್ಲಿ ಯಾರಿಗೂ ಅದು ಗೊತ್ತೇ ಇರುವುದಿಲ್ಲ. ಹಾಗಾಗಿ ಟ್ರಂಕಿನಲ್ಲಿದ್ದ ಗೊಂಬೆ ಬಟ್ಟೆ, ಹಳೇ ಮಗುವಿನ ಹೊದಿಕೆ ಏನೇ ಇದ್ದರೂ ಮೊಮ್ಮಗಳಿಗೆ ಸುತ್ತಬೇಡಿ. ಗುಳಿಗೆಗಳನ್ನು ಹೊರಗೆ ಹಾಕಿ. ಸಾಮಾನನ್ನೆಲ್ಲ ಮಗು ಇಲ್ಲದ ಕೋಣೆಯಲ್ಲಿ, ಕಿಟಕಿ ತೆರೆದು, ಒಂದೆರಡು ವಾರ ನೆರಳಲ್ಲಿ ಗಾಳಿಗೆ ಹರಡಿ.

ಕರ್ಪೂರದ ವಾಸನೆ ಬಹುಶಃ ಗಿಲಕಿಯದ್ದು. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರ ಬಂದರೆ ಅದು ಸೆಲ್ಯುಲಾಯ್ಡ್. ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿಯೇ ಅದನ್ನು ಮಾಡುತ್ತಿದ್ದರು. ಹಳೇ ಸಿನಿಮಾ ರೀಲು, ಬಾಚಣಿಗೆ ಅದರದ್ದೇ. ಟೇಬಲ್ ಟೆನಿಸ್ ಚೆಂಡು 2014ರವರೆಗೂ ಅದರದ್ದೇ ಇತ್ತು. ತೆಳ್ಳಗೆ, ಹಗುರ, ಬಲು ಚೆಂದ. ಆದರೆ ಬೆಂಕಿ ಕಂಡರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗೋದಲಿಯ ಹತ್ತಿರ, ಮೇಣದಬತ್ತಿಯ ಹತ್ತಿರ ಅದನ್ನು ಇಡಲೇಬಾರದು. ಹಳೆಯದಾದಂತೆ ಅದು ಆಮ್ಲದ ಹೊಗೆ ಬಿಡುತ್ತದೆ, ಪಕ್ಕದಲ್ಲಿರುವ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ನಿಮ್ಮ ರೈಲಿನ ತುಕ್ಕಿಗೆ ಮಂಗಳೂರಿನ ಮಳೆಯ ಜೊತೆ ಈ ಗಿಲಕಿಯ ಕೈವಾಡವೂ ಇದ್ದೀತು. ಅದನ್ನು ಬೇರೆ ಮಾಡಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಅಡುಗೆಮನೆಯಿಂದ ದೂರ ಇಡಿ. ಬಿರುಕು ಬಿಟ್ಟು, ಹಳದಿ ತಿರುಗಿ, ಮೂಗಿಗೆ ಚುರುಚುರು ಅನ್ನುವ ವಾಸನೆ ಬಂದರೆ ಮಾತ್ರ ಫೋಟೋ ತೆಗೆದಿಟ್ಟುಕೊಂಡು ಅದನ್ನು ಬೀಳ್ಕೊಡಬೇಕು.

ರೈಲು, ಕೋತಿ ಸುಲಭ. ರೈಲಿನ ತುಕ್ಕಿಗೆ ನಿಂಬೆಹಣ್ಣು, ಹುಣಸೆಹಣ್ಣು ತಿಕ್ಕಬೇಡಿ. ತಗಡಿನ ಮೇಲೆ ಅಚ್ಚು ಹಾಕಿದ ಚಿತ್ರವೂ ಎದ್ದು ಬರುತ್ತದೆ. ಕೀ ತಿರುಗದಿದ್ದರೆ ಬಲ ಹಾಕಬೇಡಿ. ಕೊಬ್ಬರಿ ಎಣ್ಣೆ ಬಿಡುವುದಂತೂ ಬೇಡವೇ ಬೇಡ, ನಮ್ಮ ಕಡೆ ಎಲ್ಲದಕ್ಕೂ ಅದೇ. ಕೆಲವು ತಿಂಗಳಲ್ಲಿ ಅದು ಜಿಗುಟಾಗಿ ಹಲ್ಲುಚಕ್ರಗಳನ್ನೇ ಹಿಡಿದುಬಿಡುತ್ತದೆ. ಹೊಲಿಗೆ ಮೆಷಿನ್ ಎಣ್ಣೆ, ಸೂಜಿಯ ತುದಿಯಿಂದ ಒಂದು ಹನಿ. ಎರಡು ದಿನ ಬಿಟ್ಟು ಅರ್ಧ ಸುತ್ತು ತಿರುಗಿಸಿ ನೋಡಿ. ಕೋತಿಯ ಹೊಟ್ಟೆಯಲ್ಲಿ ಸೋರಿದ ಸೆಲ್ ಹಾಗೇ ಇದೆ ಅಂದಿರಿ. ಕೈಗವಸು ಹಾಕಿ ತೆಗೆಯಿರಿ. ಆ ಕಾಲದ್ದು ಸತು ಮತ್ತು ಇಂಗಾಲದ ಸೆಲ್, ಸೋರಿದ್ದು ಆಮ್ಲದ ಗುಣದ್ದು, ಅದಕ್ಕೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿದ ಹತ್ತಿಕಡ್ಡಿ ಸಾಕು. ಈಗಿನ ಆಲ್ಕಲೈನ್ ಸೆಲ್ ಸೋರಿದರೆ ಮಾತ್ರ ವಿನೆಗರ್.

ಗೋದಲಿಯ ಮಣ್ಣಿನ ಗೊಂಬೆಗಳಿಗೆ ನೀರು ತಾಗಿಸಬೇಡಿ. ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ಝಾಡಿಸಿ, ಅಷ್ಟೇ.

ಅಳುವಿನ ವಿಷಯ. ಇದು ನನ್ನ ಓದಿನ ಕ್ಷೇತ್ರವಲ್ಲ. ಆದರೆ ನನ್ನ ಮೇಜಿನ ಆ ಕಡೆ ಇಷ್ಟು ಜನ ಅತ್ತಿದ್ದಾರೆ ಅಂದರೆ ಸ್ವಲ್ಪ ಓದಿಕೊಳ್ಳಲೇಬೇಕಾಯಿತು. ನಾಸ್ಟಾಲ್ಜಿಯಾ ಎಂಬ ಪದವನ್ನು 1688ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಹುಟ್ಟಿಸಿದ, ಒಂದು ಕಾಯಿಲೆಯ ಹೆಸರಾಗಿ. ಊರು ಬಿಟ್ಟು ಪರದೇಶದಲ್ಲಿ ಸೈನಿಕರಾಗಿ ದುಡಿಯುತ್ತಿದ್ದ ಸ್ವಿಸ್ ಹುಡುಗರು ಮನೆ ನೆನೆದು ಸೊರಗುತ್ತಿದ್ದರಂತೆ. ಊರಿನ ಹಸುಗಳ ಕೊರಳ ಗಂಟೆ ಕೇಳಿ ಕೇಳಿ ಅವರ ಕಿವಿ, ಮಿದುಳು ಕೆಟ್ಟದ್ದೇ ಕಾರಣ ಅಂತ ವಾದ ಮಾಡಿದ ವೈದ್ಯರೂ ಇದ್ದರು! ಈಗ ಯಾರೂ ಇದನ್ನು ಕಾಯಿಲೆ ಅನ್ನುವುದಿಲ್ಲ. ವಾಸನೆಗೇ ಯಾಕೆ ಅಷ್ಟು ಬಲ ಅಂದರೆ, ಕಣ್ಣು ಕಿವಿಗಳ ಸುದ್ದಿ ಮಿದುಳಿನಲ್ಲಿ ಒಂದು ನಡುಮನೆ ದಾಟಿ ಹೋಗುತ್ತದೆ, ಮೂಗಿನ ಸುದ್ದಿ ಮಾತ್ರ ಭಾವನೆ ಮತ್ತು ನೆನಪಿನ ಜಾಗಕ್ಕೆ ನೇರವಾಗಿ ನುಗ್ಗುತ್ತದೆ. ಇದು ಯಾವ ನೆನಪು ಅಂತ ನಿಮಗೆ ಗೊತ್ತಾಗುವ ಮೊದಲೇ ಕಣ್ಣೀರು ಬಂದಿರುತ್ತದೆ. ಅದರ ಮೇಲೆ, ಆ ಟ್ರಂಕನ್ನು ಮುಚ್ಚಿಟ್ಟದ್ದು ಮಮ್ಮಿ. ವರ್ಷದ ಹಿಂದೆ ಹೋದವರ ಕೈ ಕಟ್ಟಿದ ಗಂಟು ಅದು. ಅಳು ಬಾರದಿದ್ದರೆ ನಾನು ಯೋಚನೆ ಮಾಡುತ್ತಿದ್ದೆ. ತಿಂಗಳುಗಟ್ಟಲೆ ನಿದ್ದೆ, ಊಟ ಬಿಟ್ಟುಹೋದರೆ ಮಾತ್ರ ವೈದ್ಯರಿಗೆ ತೋರಿಸಿ.

ಈಗಿನ ಮಕ್ಕಳಿಗೆ ಅಂಥ ಬೆಳಗು ಇಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಗೊಂಬೆಯ ಬಗ್ಗೆ ಇರುವುದು ಎರಡು ಸಾಲು. ಪಪ್ಪ ಎರಡು ವರ್ಷದ ಮೇಲೆ ಮನೆಗೆ ಬಂದದ್ದು, ಗಾಳಿ ಮರದ ಕೊಂಬೆ ಕಡಿದು ತಂದು ಬಕೆಟ್ಟಿನಲ್ಲಿ ನಿಲ್ಲಿಸಿದ್ದು, ಗೋದಲಿಗೆ ಹುಲ್ಲು ಬೇಕು ಅಂತ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿದ್ದು, ಬೆಳಿಗ್ಗೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆಗೆ ಕ್ರೋಶಾ ಬಟ್ಟೆ ಮುಚ್ಚಿ ಪಕ್ಕದ ಭಟ್ಟರ ಮನೆಗೆ ಕೊಟ್ಟು ಬಂದದ್ದು, ಇದಕ್ಕೆ ಒಂದೂವರೆ ಪುಟ. (ಜಾಗ ಸಾಲದೆ ಅದನ್ನು ಇಲ್ಲಿ ಬಿಟ್ಟಿದ್ದೇವೆ, ಕ್ಷಮಿಸಿ.) ಇದರಲ್ಲಿ ಈಗ ಸಿಗದೇ ಇರುವುದು ಯಾವುದು? ಪಪ್ಪ ಒಬ್ಬರೇ.

ಇನ್ನೊಂದು ಸತ್ಯ ನಿಮಗೆ ಬೇಸರ ತರಬಹುದು, ಸಮಾಧಾನವೂ ತರಬಹುದು. ನಮ್ಮಲ್ಲಿ ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ್ದು. ಎರಡೂವರೆ ವರ್ಷದ ಮಗುವಿಗೆ ಈ ಕ್ರಿಸ್ಮಸ್ ಬಹುಶಃ ನೆನಪೇ ಇರುವುದಿಲ್ಲ. ಗೊಂಬೆ ಕೊಟ್ಟರೂ ಇಲ್ಲ, ಕೊಡದಿದ್ದರೂ ಇಲ್ಲ. ಅಂದರೆ ನಿಮಗೆ ಅವಸರ ಇಲ್ಲ. ಅವಳಿಗೆ ಎಂಟೋ ಒಂಬತ್ತೋ ಆಗಲಿ. ಆಗ ‘ಇದು ನನ್ನ ಪಪ್ಪ ತಂದದ್ದು’ ಎಂಬ ಮಾತು ಅವಳ ಕಿವಿಗೆ ಹೋಗುತ್ತದೆ. ಈಗ ಹೋಗುವುದು ಬಾಯಿಗೆ ಮಾತ್ರ.

ಹಾಗಾದರೆ ಈ ಡಿಸೆಂಬರಿಗೆ ಏನು? ನಾನು ಮೈಸೂರಿನವಳು. ನಮ್ಮಲ್ಲಿ ದಸರೆಗೆ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆ ತಾಯಿಯಿಂದ ಮಗಳಿಗೆ ಬರುತ್ತದೆ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಬಂದು, ಮೆಟ್ಟಿಲ ಮೇಲೆ ಕೂತು, ಹಬ್ಬ ಮುಗಿದ ಮೇಲೆ ಹಳೇ ಸೀರೆಯಲ್ಲಿ ಸುತ್ತಿಸಿಕೊಂಡು ಮತ್ತೆ ಒಳಗೆ. ಅದರ ಜೊತೆ ಯಾರೂ ಆಡುವುದಿಲ್ಲ, ಆದರೂ 'ನಮ್ಮ ಗೊಂಬೆ' ಅಂತ ಎಲ್ಲ ಮಕ್ಕಳಿಗೂ ಗೊತ್ತು. ನಿಮ್ಮ ಗೋದಲಿಯೂ ಇದೇ ಅಲ್ವಾ? ಗೋದಲಿಯ ಪಕ್ಕ, ಮಗುವಿಗೆ ಎಟುಕದ ಎತ್ತರದಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಗೊಂಬೆ, ರೈಲು, ಬುಗುರಿ ಇಡಿ. ಜನವರಿ 6ರ ಮೂರು ರಾಯರ ಹಬ್ಬ ಮುಗಿದ ಮೇಲೆ ಗಂಜಿ ಹಾಕದ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿಡಿ. ನ್ಯೂಸ್‌ಪೇಪರ್ ಬೇಡ, ಅದರ ಆಮ್ಲ ಮತ್ತು ಶಾಯಿ ಹತ್ತುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ ತೆಗೆದು ನೋಡಿ.

ಅವಳ ಕೈಗೆ ಕೊಡಲು ಬೇರೆ ದಾರಿ ಇದೆ. ಬೆಂಗಳೂರಿನಿಂದ ಚನ್ನಪಟ್ಟಣ ಸುಮಾರು 60 ಕಿಲೋಮೀಟರ್. ನಿಮ್ಮ ಅಡುಗೆ ಸೆಟ್ಟನ್ನು ತೆಗೆದುಕೊಂಡು ಹೋಗಿ ಕಡಸಲು (ಲೇತ್) ಕೆಲಸದವರಿಗೆ ತೋರಿಸಿ, ಇದೇ ಅಳತೆಗೆ ಹೊಸದು ಮಾಡಿಸಿ. ಗಿಡದ ಬಣ್ಣ ಮಾತ್ರ ಹಾಕಿ ಅಂತ ಕೇಳಿ. ಪುಟ್ಟ ಲೋಟ, ಸೌಟುಗಳನ್ನು ಸ್ವಲ್ಪ ದೊಡ್ಡದು ಮಾಡಿಸಿ, ಈ ವಯಸ್ಸಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ಸಾಮಾನು ಬೇಡ. ಮಾತು ಬಂತು ಅಂತ ಹೇಳುತ್ತೇನೆ, ಹಳೇದೆಲ್ಲ ಅಪಾಯ, ಹೊಸದೆಲ್ಲ ಕ್ಷೇಮ ಅಂತಲ್ಲ. ಈಗಿನ ಹಾಡುವ, ಮಿನುಗುವ ಆಟಿಕೆಗಳಲ್ಲಿರುವ ಗುಂಡಿಯಂಥ ಸೆಲ್ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ನಿಮ್ಮ ಕೋತಿಗಿಂತ ನನಗೆ ಅದರ ಭಯವೇ ಜಾಸ್ತಿ. ಸೆಲ್ ಹಾಕುವ ಮುಚ್ಚಳಕ್ಕೆ ಸ್ಕ್ರೂ ಇದೆಯಾ ಅಂತ ನೋಡಿಯೇ ತನ್ನಿ.

ಮಾರಿದರೆ ಎಷ್ಟು ಸಿಗಬಹುದು ಅಂತ ಕೊನೆಯಲ್ಲಿ ಕೇಳಿದ್ದೀರಿ. ಹಲ್ಲಿನ ಗುರುತಿನ ಬುಗುರಿ, ಹಸಿರು ಕಿವಿಯ ಗೊಂಬೆಗೆ ಹೊರಗೆ ದೊಡ್ಡ ಬೆಲೆ ಬರುವುದಿಲ್ಲ. ತಮ್ಮನನ್ನು ಒಂದು ಮಾತು ಕೇಳಿ, ರೈಲು ಅವರಿಗೇ ಬೇಕಾಗಬಹುದು.

ಮೊಮ್ಮಗಳನ್ನು ಕುಸ್ವಾರ್ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ವಿಭಾಗದಲ್ಲಿದ್ದ ನಿಮ್ಮೂರಿನ ಸಹೋದ್ಯೋಗಿಯೊಬ್ಬರು ಪ್ರತಿ ವರ್ಷ ಡಬ್ಬಿ ತುಂಬ ತರುತ್ತಿದ್ದರು, ಕಿಡಿಯೊ ಎಂಬ ಸುರುಳಿ ತಿಂಡಿ ನನಗೆ ಆ ಡಬ್ಬಿಯಿಂದಲೇ ಗೊತ್ತು. ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡುವುದು ಎರಡೂವರೆ ವರ್ಷದ ಬೆರಳಿಗೂ ಆಗುತ್ತದೆ. ವಕ್ರ ಬರುತ್ತದೆ, ಬರಲಿ. ಎಣ್ಣೆಯಿಂದ ಮಾತ್ರ ದೂರ.

ಗಿಲಕಿಯನ್ನು ಉಜ್ಜಿ ಮೂಸಿ ನೋಡಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಅಲ್ಲಿಯವರೆಗೆ ಅದನ್ನು ಬಿಸಿಲಿಗೆ ಇಡಬೇಡಿ.